ಶಾಂತಿ ಸಭೆಯ ಗ್ರೂಪ್ ಫೋಟೋ

ಸ್ನೇಹಿತರೇ, ಇವತ್ತು ಚಂದಾಪುರದ ನಮ್ಮ ಚರ್ಚಿನಲ್ಲಿ ಸರ್ವಧರ್ಮ ಶಾಂತಿ ಸಭೆಯಿತ್ತು. ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಸಲೀಂನನ್ನು ಕರೆದುಕೊಂಡು ಹೋಗಿದ್ದೆ. ಅವನು ಈ ವಾರವೇ ಮನೆ ಖಾಲಿ ಮಾಡಬೇಕು, ಬೇರೆ ಬಾಡಿಗೆ ಮನೆ ಸಿಗುತ್ತಿಲ್ಲ. ಅದನ್ನು ಸಭೆಯಲ್ಲಿ ಹೇಳಬೇಕೆಂದಿದ್ದ. ಮೊದಲು ಫೋಟೋ ಎಂದರು.

"ಟೋಪಿ ತಂದಿಲ್ವಾ ಬ್ರದರ್? ಫೋಟೋದಲ್ಲಿ ಮುಸ್ಲಿಮರು ಅಂತ ಗೊತ್ತಾಗ್ಬೇಕಲ್ಲ" ಎಂದರು ಸಂಚಾಲಕರು.

"ಮನೆ ಕೇಳೋಕೆ ಹೋದ್ರೆ ಟೋಪಿ ಇಲ್ದೇನೇ ಗೊತ್ತಾಗ್ಬಿಡುತ್ತೆ ಸಾರ್" ಎಂದ ಸಲೀಂ.

ಎಲ್ಲರೂ ನಕ್ಕರು. ಫೋಟೋ ಆಯಿತು, ಕಾಫಿ ಆಯಿತು, ಸಭೆ ಮುಗಿಯಿತು. ಎಂಥ ಮನೆ ಬೇಕು ಎಂದು ಅವನನ್ನು ಯಾರೂ ಕೇಳಲಿಲ್ಲ. ನಕ್ಕವರಲ್ಲಿ ಇಬ್ಬರ ಗೇಟಿಗೆ ‘ಮನೆ ಬಾಡಿಗೆಗಿದೆ’ ಬೋರ್ಡು ತೂಗುತ್ತಿದೆ. ಬೆಳಗ್ಗೆ ಇದೇ ಚರ್ಚಿನ ಬಲಿಪೂಜೆಯ ಪ್ರಾರ್ಥನೆಯಲ್ಲಿ ನನ್ನತ್ತ ತಿರುಗಿ ಕೈಮುಗಿದು ‘ಶಾಂತಿ ನಿಮ್ಮೊಂದಿಗಿರಲಿ’ ಎಂದವರೂ ಅವರೇ.