ರಾದೋಯ್ಕೊ ಕುಡಿದ ಹುಳಿನೀರು

ನನ್ನ ಗಂಡ ರಾದೋಯ್ಕೊ ರಾಕಿಯಾ ಮುಟ್ಟುವವನಲ್ಲ. ಮನೆಮನೆಯಲ್ಲೂ ಪ್ಲಮ್ ಹಣ್ಣಿನ ಈ ಸಾರಾಯಿ ಇಳಿಸುವ ನಮ್ಮ ಸೆರ್ಬಿಯಾದ ಬೆಟ್ಟದೂರಿನಲ್ಲಿ ಇದೊಂದು ಸೋಜಿಗ. ಅವನಪ್ಪ ಕುಡಿದು ಕುಡಿದೇ ಹೊಲ ಮನೆ ಹಾಳುಮಾಡಿ ಸತ್ತ. ಆ ಹೆಣದ ಮುಂದೆ ಆಣೆಯಿಟ್ಟ ಹುಡುಗ ಇವತ್ತಿಗೂ ಮಾತು ಮುರಿದಿಲ್ಲ. ಅವನಿಗಿದ್ದ ಆಸ್ತಿ ಕುಡಿಯದವನೆಂಬ ಆ ಹೆಸರೊಂದೇ.

ಅವನಿಗೊಂದು ಆಸೆಯೂ ಇತ್ತು, ಜುಲೈನಲ್ಲಿ ನಡೆಯುವ ಹುಲ್ಲು ಕೊಯ್ಯುವ ಪಂದ್ಯ ಗೆಲ್ಲಬೇಕೆಂದು. ಉದ್ದ ಕುಡುಗೋಲು ಬೀಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆದರೆ ಪ್ರತಿ ವರ್ಷ ಕೊನೆಯ ಸಾಲಿನಲ್ಲಿ ಕಾಲು ಸೆಟೆದು ಬೀಳುತ್ತಿದ್ದ. ಒರತೆಯ ನೀರನ್ನು ಕೊಡಗಟ್ಟಲೆ ಕುಡಿದಷ್ಟೂ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಪಕ್ಕದ ಮನೆಯ ವುಕೊಮಾನ್ ಪ್ರತಿ ಸಲವೂ ಗೆದ್ದು, ರಾಕಿಯಾ ಕುಡಿಯದವನ ಕಾಲಿಗೆ ಕಸುವೆಲ್ಲಿಂದ ಬರಬೇಕು ಎಂದು ಹಂಗಿಸುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಒಂದು ದಿನ ಬೇಲಿಯ ಮೇಲೆ ಹಾಕಿದ್ದ ಅವನ ಬೆವರಿನ ಅಂಗಿಯನ್ನು ಕುರಿಗಳು ನೆಕ್ಕುತ್ತಿದ್ದವು. ಹೋಗಿ ನೋಡಿದರೆ ಬೆನ್ನ ತುಂಬ ಬಿಳಿಯ ಉಪ್ಪು. ಅಯ್ಯೋ ದೇವರೇ, ಮೈಯ ಉಪ್ಪೆಲ್ಲ ಬೆವರಿನ ಜೊತೆ ಹೊರಗೆ, ಒಳಗೆ ಹೋಗುವುದು ಬರೀ ಸಪ್ಪೆ ನೀರು! ಉಳಿದ ಚೂರು ಉಪ್ಪೂ ತೆಳುವಾಗಿ ಕಾಲು ಸೆಟೆಯದೆ ಇನ್ನೇನಾದೀತು? ಚಳಿಗಾಲದಲ್ಲಿ ಕೋಸು ಹುಳಿಬರಿಸಿದ ಪೀಪಾಯಿಯ ತಳದಲ್ಲಿದ್ದ ಉಪ್ಪುನೀರನ್ನು ಹೂಜಿಗೆ ತುಂಬಿಸಿದೆ.

ಅವನು ಸುತರಾಂ ಒಪ್ಪಲಿಲ್ಲ. ನಮ್ಮಲ್ಲಿ ಬೆಳಗ್ಗೆ ಆ ನೀರು ಕುಡಿಯುವುದು ಹಿಂದಿನ ರಾತ್ರಿಯ ಅಮಲು ಇಳಿಸಲು. ನೋಡಿದವರು ಅಪ್ಪನ ದಾರಿಯನ್ನೇ ಹಿಡಿದ ಎನ್ನುವುದಿಲ್ಲವೇ?

"ಹೆಸರು ಬೇಕೋ, ಕಾಲು ಬೇಕೋ? ಸುಮ್ನೆ ಕುಡಿ ಮಾರಾಯ," ಅಂದೆ.

ಮುನಿಸಿಕೊಂಡೇ ಮಲಗಿದವನು ಪಂದ್ಯದ ದಿನ ತಾನೇ ಹೂಜಿ ಹೊತ್ತ. ಎಲ್ಲರೆದುರಿಗೆ, ಮುಖ ಕೆಂಪಗೆ ಮಾಡಿಕೊಂಡು, ಒಂದೊಂದು ಸಾಲಿಗೂ ಕುಡಿದ. ಸಂತನಿಗೂ ರಾತ್ರಿ ಜಾಸ್ತಿಯಾಗಿದೆ ಎಂದು ವುಕೊಮಾನ್ ಕೂಗಿದ. ಊರಿಗೆ ಊರೇ ನಕ್ಕಿತು. ರಾದೋಯ್ಕೊ ಕುಡುಗೋಲು ನಿಲ್ಲಿಸಲಿಲ್ಲ. ಕೊನೆಯ ಸಾಲು ಮುಗಿಯಿತು. ಕಾಲು ಸೆಟೆಯಲಿಲ್ಲ. ನನ್ನ ಗಂಡ ಗೆದ್ದ!

ಅತ್ತ ವುಕೊಮಾನ್ ಕಾಲು ಹಿಡಿದುಕೊಂಡು ಹೊರಳುತ್ತಿದ್ದ. ಆ ವರ್ಷದ ಬಿಸಿಲು ಅವನನ್ನೂ ಬಿಟ್ಟಿರಲಿಲ್ಲ. ನಾನಾಗಿದ್ದರೆ ಬಿದ್ದಿರಲಿ ಎನ್ನುತ್ತಿದ್ದೆ. ರಾದೋಯ್ಕೊ ಮಂಡಿಯೂರಿ, ಅವನ ತಲೆಯೆತ್ತಿ ಹಿಡಿದು, ಹೂಜಿಯ ನೀರು ಕುಡಿಸಿದ. ಮುಖಕ್ಕೆ ಮುಖ ತಾಗುವಷ್ಟು ಹತ್ತಿರ. ವುಕೊಮಾನ್ ಒಮ್ಮೆ ಮೂಸಿದ. ಮತ್ತೊಮ್ಮೆ ಮೂಸಿದ.

ಗೆದ್ದವನಿಗೆಂದು ರಾಕಿಯಾ ತುಂಬಿದ ಸೋರೆಬುರುಡೆ ಬಂತು. ಇನ್ನೇಕೆ ನಾಚಿಕೆ, ಕುಡಿ ಎಂದು ಎಲ್ಲರೂ ಗದ್ದಲವೆಬ್ಬಿಸಿದರು. ವುಕೊಮಾನ್ ಕುಂಟುತ್ತ ಬಂದು ಅದನ್ನು ಕಿತ್ತುಕೊಂಡ.

"ಇವ್ನು ಕುಡಿದಿಲ್ಲ ಕಣ್ರೋ. ಬಾಯಲ್ಲಿ ಬರೀ ಕೋಸಿನ ವಾಸನೆ. ನಾನೇ ಮೂಸಿದ್ದೀನಿ," ಎಂದು ನಮ್ಮ ಹೂಜಿಯನ್ನು ರಾದೋಯ್ಕೊನ ಕೈಗಿಟ್ಟ.

ತಳದಲ್ಲಿ ಒಂದು ಗುಟುಕು ಉಳಿದಿತ್ತು. ಊರಿನವರೆಲ್ಲ ಅವನ ಹೆಸರು ಕೂಗುತ್ತಿರುವಾಗ ನನ್ನ ಗಂಡ ಅದನ್ನು ಎತ್ತಿ ಕುಡಿದ.