ಟವೆಲ್ ಹಾಕಿ ಹಿಡಿದ ಸೀಟು

ಹೊಸನಗರದಲ್ಲಿ ಸಾಗರದ ಬಸ್ಸು ಬಹುತೇಕ ತುಂಬಿತ್ತು. ಕೆಳಗೆ ಗಾಲಿಕುರ್ಚಿಯಲ್ಲಿ ಕುಳಿತ ಶೈಲಾ, ಮಡಿಲಲ್ಲೊಂದು ಅಲ್ಯೂಮಿನಿಯಂ ಆಸನ ಇಟ್ಟುಕೊಂಡು ಕಂಡಕ್ಟರ್ ಮಂಜಣ್ಣನ ಹತ್ತಿರ ವಾದಕ್ಕಿಳಿದಿದ್ದಳು. ಕಾಲಿಗೆ ಬಲವಿಲ್ಲದವರು ಅದರಲ್ಲಿ ಕುಳಿತು, ಎರಡು ಕೋಲು ಊರಿ ಹಿಮದ ಮೇಲೆ ಜಾರುತ್ತಾರಂತೆ. ಮುಂದಿನ ವಾರ ಹೊರದೇಶದಲ್ಲಿ ಅಂಗವಿಕಲ ಕ್ರೀಡಾಪಟುಗಳ ಚಳಿಗಾಲದ ಪಂದ್ಯ. ಅವಳು ಸಾಗರದಲ್ಲಿ ರೈಲು ಹಿಡಿಯಬೇಕು.

"ಟಾಪಿಗೆ ಹಾಕಿ ಹಗ್ಗ ಬಿಗೀತೀನಿ ಮಾರಾಯ್ತಿ, ಎಂತ ಆಗಲ್ಲ."

"ಒಂಚೂರು ಸೊಟ್ಟ ಆದ್ರೂ ಅಲ್ಲಿ ಗಾಣದೆತ್ತಿನ ಹಾಗೆ ಸುತ್ತಬೇಕಾಗತ್ತೆ ಮಂಜಣ್ಣ. ಇದು ಒಳಗೇ ಬರತ್ತೆ."

"ಸೀಟೆಲ್ಲಿದೆ?"

ಶೈಲಾ ಹೆಗಲ ಟವೆಲನ್ನು ಉಂಡೆ ಮಾಡಿ ಬೀಸಿದಳು. ಅದು ಕಿಟಕಿಯಿಂದ ತೂರಿ ಬಂದು, ಬಸ್ಸಿನೊಳಗೆ ಕುಳಿತಿದ್ದ ನನ್ನ ಪಕ್ಕದ ಖಾಲಿ ಸೀಟಿನಲ್ಲಿ ಬಿತ್ತು. ಹಿಮವಿಲ್ಲದ ನಮ್ಮೂರಲ್ಲಿ ಆಸನಕ್ಕೆ ಗಾಲಿ ಕಟ್ಟಿ, ವರ್ಷವಿಡೀ ಟಾರು ರಸ್ತೆಯಲ್ಲಿ ಕೋಲು ಊರಿ ಪಳಗಿದ ತೋಳು. ಟವೆಲ್ ಬಿದ್ದ ಸೀಟನ್ನು ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಮಂಜಣ್ಣ ಆಸನವನ್ನು ತಂದು ನನ್ನ ಪಕ್ಕ ಕೂರಿಸಿದ. ಅವಳು ತೋಳಿನ ಬಲದಲ್ಲೇ ಮೆಟ್ಟಿಲೇರಿ ಮುಂದಿನ ಸೀಟಿನಲ್ಲಿ ಕುಳಿತಳು. ಗಾಲಿಕುರ್ಚಿ ಮಾತ್ರ ಟಾಪಿಗೆ ಹೋಯಿತು.

ದಾರಿಯಲ್ಲಿ ಹತ್ತಿದ ಯಜಮಾನರೊಬ್ಬರು ಆಸನವನ್ನೇ ದಿಟ್ಟಿಸಿದರು. "ಇದ್ಕೂ ಸೀಟಾ?"

"ಅದು ಫಾರಿನ್ನಿಗೆ ಹೋಗೋ ಪ್ಯಾಸೆಂಜರು. ನೀವು ಸಾಗರಕ್ಕೆ ತಾನೆ? ನಿಂತ್ಕಳಿ," ಎಂದ ಮಂಜಣ್ಣ.

ಅವರು ನಕ್ಕು, ಸಾಗರದವರೆಗೂ ನಿಂತೇ ಬಂದರು. ತಿರುವುಗಳಲ್ಲಿ ಆಸನ ವಾಲದಂತೆ ಒಂದು ಕೈ ಅದರ ಮೇಲೇ ಇಟ್ಟಿದ್ದರು.

ಇಳಿಯುವಾಗ ನಾನು ಟವೆಲ್ ಕೊಡಲು ಹೋದೆ.

"ಮಂಜಣ್ಣನ ಹತ್ರ ಇರ್ಲಿ ಅಕ್ಕ," ಎಂದಳು ಶೈಲಾ. "ಬರೋವಾಗ ಪದಕಕ್ಕೂ ಸೀಟು ಹಿಡೀಬೇಕಲ್ಲ."