ವಿರೂಪಾಕ್ಷಿಪುರದ ದಾರಿಯಲ್ಲಿ ಎರಡನೇ ಸಿಲಿಂಡರ್

ಆಯುಧಪೂಜೆಯ ಮಧ್ಯಾಹ್ನ, ಎಲೆಗೆ ಬಡಿಸಿದ್ದ ಹೋಳಿಗೆ ಮುಟ್ಟದೆ, ನಾನೂ ನನ್ನ ಹೆಂಡತಿ ಗೌರಿಯೂ ಮಾಗಡಿಯಿಂದ ಹೊರಟೆವು. ವಿರೂಪಾಕ್ಷಿಪುರದಲ್ಲಿ ಅವಳ ಅವ್ವ ತೀರಿಕೊಂಡಿದ್ದರು. "ಊರೋರೆಲ್ಲ ಪೂಜೆ ನಿಲ್ಲಿಸ್ಕಂಡು ಕುಂತವ್ರೆ ಭಾವ. ಹೊತ್ತು ಮುಳುಗೋದ್ರೊಳಗೆ ಮಣ್ಣು ಮಾಡ್ಬೇಕು, ಅಕ್ಕನ್ನ ಬಿರ್ರನೆ ಕರ್ಕಬನ್ನಿ" ಎಂದು ಭಾವಮೈದುನ ಫೋನ್ ಮಾಡಿದ್ದ. ದಾರಿ ಅರವತ್ತು ಕಿಲೋಮೀಟರ್ ಆಸುಪಾಸು, ಎರಡು ಗಂಟೆ ಸಾಕು. ಅವ್ವನ ಮುಖವನ್ನು ಕೊನೆಯದಾಗಿ ನೋಡಬೇಕು, ಗೌರಿಗೆ ಬೇಕಿದ್ದದ್ದು ಅಷ್ಟೇ.

ಕಾರು ಬೆಳಿಗ್ಗೆಯಷ್ಟೇ ಮಿಂದು, ಚೆಂಡುಹೂವಿನ ಹಾರ ಹಾಕಿಕೊಂಡು ನಿಂತಿತ್ತು. ಹಿಂದಿನ ದಿನ ಅತ್ತೆಯೇ ಫೋನಿನಲ್ಲಿ, "ಬರೀ ಮ್ಯಾಲೆ ತೊಳುದ್ರೆ ಆಯ್ತದಾ ಅಳಿಯಂದ್ರೆ? ದುಡಿಯೋದು ಇಂಜಿನ್ನು, ಅದ್ಕೂ ಒಸಿ ನೀರು ಕಾಣ್ಸಿ" ಎಂದಿದ್ದರು. ಅದರಂತೆ ಬಾನೆಟ್ ಎತ್ತಿ ನೀರಿನ ಪೈಪ್ ಹಿಡಿದಿದ್ದೆ.

ಹೊರಡುವಾಗ ಸ್ಪ್ಯಾನರ್ ಪೆಟ್ಟಿಗೆಗೆ ಕೈ ಹಾಕಿದೆ. ಅದು ಕುಂಕುಮ ಹಚ್ಚಿಸಿಕೊಂಡು ದೇವರ ಮುಂದಿತ್ತು. "ಪೂಜೆಗಿಟ್ಟದ್ದು ನಾಳೆಗಂಟ ಎತ್ತಬ್ಯಾಡಿ, ಅವ್ವ ಒಪ್ಪಾಕಿಲ್ಲ" ಎಂದಳು ಗೌರಿ. ಬಿಟ್ಟುಬಂದೆ.

ರಾಮನಗರದ ರಸ್ತೆಯ ಏರಿನಲ್ಲಿ ಕಾರು ಬಿಕ್ಕತೊಡಗಿತು. ಇಂಜಿನ್ನಿನ ಹಳದಿ ದೀಪ ಮಿಣುಕಿತು. ಆ ದೀಪ ಸುಮ್ಮನೆ ಉರಿದರೆ ನಿಧಾನವಾಗಿ ಹೋಗಬಹುದು. ಮಿಣುಕಿದರೆ ನಿಲ್ಲಿಸಲೇಬೇಕು, ಉರಿಯದ ಪೆಟ್ರೋಲು ಸೈಲೆನ್ಸರಿನ ಕಡೆ ಹರಿದು ಅಲ್ಲಿ ಸುಡುತ್ತದೆ. ನಿಲ್ಲಿಸಿ, ಕಾರಿನಲ್ಲೇ ಇಟ್ಟಿರುತ್ತಿದ್ದ, ದೋಷದ ಕೋಡನ್ನು ಮೊಬೈಲಿಗೆ ಕಳಿಸುವ ಪುಟ್ಟ ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗೆ ಸಿಕ್ಕಿಸಿ ನೋಡಿದೆ. ಪಿ 0302. ಮಿಸ್‌ಫೈರ್ ಎಂದರ್ಥ, ಕೊನೆಯ ಅಂಕಿ ಸಿಲಿಂಡರಿನದು. ನಾಲ್ಕರಲ್ಲಿ ಎರಡನೆಯದು ಕಿಡಿ ಹತ್ತದೆ ಸುಮ್ಮನೆ ಹೊಡೆದುಕೊಳ್ಳುತ್ತಿತ್ತು. ಕಿಡಿಗೆ ಕರೆಂಟು ಕೊಡುವ ಕಾಯಿಲೋ, ಕಿಡಿ ಹಾರಿಸುವ ಪ್ಲಗ್ಗೋ, ಪೆಟ್ರೋಲು ಚಿಮ್ಮಿಸುವ ಇಂಜೆಕ್ಟರೋ, ಅದನ್ನು ಕೋಡು ಹೇಳುವುದಿಲ್ಲ. ಎರಡರ ಕಾಯಿಲನ್ನು ಮೂರಕ್ಕೆ ಬದಲಿಸಿ ನೋಡಬೇಕು. ಕೋಡು 0303 ಆದರೆ ಕಾಯಿಲಿನದೇ ತಪ್ಪು. ಅದಕ್ಕೆ ಬಿಚ್ಚಬೇಕಾದ್ದು ಸಣ್ಣ ಬೋಲ್ಟು. ಸ್ಪ್ಯಾನರ್ ದೇವರ ಮುಂದೆ ಕೂತಿತ್ತು!

ಬಸ್ಸೊಂದು ಬಂತು. ಬಾಗಿಲಲ್ಲೂ ಜನ ಜೋತಿದ್ದರು, ನಿಲ್ಲಿಸಲಿಲ್ಲ. ಸ್ವಲ್ಪ ದೂರ ಓಡಿಸುವುದು, ದೀಪ ಮಿಣುಕಿದರೆ ನಿಂತು ಆರಿಸಿಕೊಳ್ಳುವುದು, ಹೀಗೆ ತೆವಳುತ್ತಾ ರಾಮನಗರ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು. ಆಟೋಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ನಿಂತಿದ್ದವು, ಒಬ್ಬನೂ ಬರಲೊಪ್ಪಲಿಲ್ಲ. ಗ್ಯಾರೇಜೊಂದರ ಮುಂದೆ ಮೆಕ್ಯಾನಿಕ್ ಹೊಸ ಪಂಚೆಯುಟ್ಟು ಕುಳಿತಿದ್ದ.

"ಇವತ್ತು ಆಯ್ಧ ಮುಟ್ಟಂಗಿಲ್ಲ ಸಾರ್, ನಾಳೆ ತನ್ನಿ."

"ಅಣ್ಣ, ನಮ್ಮವ್ವ ಹೋಗ್ಬುಟ್ಟವ್ಳೆ. ಮಣ್ಣಾಗೋಕೆ ಮುಂಚೆ ಮೊಕ ನೋಡ್ಬೇಕು" ಎಂದು ಗೌರಿ ಕೈಮುಗಿದಳು.

ಅವನು ದಡಬಡಿಸಿ ಎದ್ದ. ಆದರೂ ಸೀದಾ ಆಯುಧ ಮುಟ್ಟಲು ಅವನಿಗೆ ಕೈಬರಲಿಲ್ಲ. ಅಂಗಡಿಯಿಂದ ತೆಂಗಿನಕಾಯಿ ತಂದು, ಕೈಕಾಲು ತೊಳೆದು, ಕರ್ಪೂರ ಹಚ್ಚಿ, ತಪ್ಪಾಯಿತೆಂದು ಕೆನ್ನೆ ಬಡಿದುಕೊಂಡು ಸ್ಪ್ಯಾನರ್ ಎತ್ತಿದ. ಅಷ್ಟರಲ್ಲಿ ನಾನು ಬಾನೆಟ್ ಎತ್ತಿ ನಿಲ್ಲಿಸಿದ್ದೆ. ಎರಡನೇ ಕಾಯಿಲ್ ಕೀಳುತ್ತಲೇ ಪ್ಲಗ್ಗಿನ ಗುಂಡಿಯಲ್ಲಿ ನೀರು ಹೊಳೆಯಿತು.

"ಇಂಜಿನ್‌ಗೂ ಪೈಪ್ ಬುಟ್ರಾ ಸಾರ್?"

ಗೌರಿ ಬಗ್ಗಿ ಆ ನೀರನ್ನೇ ನೋಡಿದಳು. "ಅವ್ವನೇ ಯೋಳಿದ್ಲು" ಎಂದಳು. ಅವತ್ತು ಅವಳು ಅತ್ತದ್ದು ಅಲ್ಲಿ, ಬಾನೆಟ್ಟಿನ ಅಂಚು ಹಿಡಿದುಕೊಂಡು.

ಗಾಳಿ ಹೊಡೆದು ಒಣಗಿಸಿದ ಮೇಲೆ ಇಂಜಿನ್ ಬಿಕ್ಕಲಿಲ್ಲ. ಚನ್ನಪಟ್ಟಣ ದಾಟಿದ್ದೇ ನೆನಪಿಲ್ಲ. ವಿರೂಪಾಕ್ಷಿಪುರದ ಊರಮುಂದೆ ಬರುವಷ್ಟರಲ್ಲಿ ಕತ್ತಲಾಗಿತ್ತು. ಮನೆಮನೆಯ ಬಾಗಿಲಲ್ಲೂ ದೀಪ, ಒಳಗೆ ಪೂಜೆಯ ಗಂಟೆ. ನಿಲ್ಲಿಸಿದ್ದ ಹಬ್ಬವನ್ನು ಊರು ಶುರುಮಾಡಿತ್ತು.

"ಇನ್ನೂ ಸ್ವಲ್ಪ ತಡೀರಿ ಅಂತ ಕಾಲು ಹಿಡ್ದೆ ಕಣಕ್ಕ. ಕತ್ಲಾಗೋಯ್ತು" ಎಂದ ಭಾವಮೈದುನ. ಗೌರಿ ಸಮಾಧಿಯ ಹಸಿ ಮಣ್ಣಿನ ಮೇಲೆ ಕೈಯಿಟ್ಟು ಕುಳಿತಳು.

ಮರುದಿನ ವಾಪಸ್ಸು ಹೊರಟೆವು. ಅದೇ ಏರು, ಅದೇ ಬಿಸಿಲು. ಹಳದಿ ದೀಪ ಹತ್ತಲೇ ಇಲ್ಲ, ಎರಡು ಗಂಟೆಯೊಳಗೆ ಮಾಗಡಿ ಬಂತು. ಗೌರಿ ನೇರ ದೇವರ ಮುಂದೆ ಹೋಗಿ, ಕುಂಕುಮ ಸಮೇತ ಸ್ಪ್ಯಾನರ್ ಪೆಟ್ಟಿಗೆ ಎತ್ತಿ ತಂದು ಕಾರಿನಲ್ಲಿಟ್ಟಳು. ಅವಸರದಲ್ಲಿ ಓಡಬೇಕಾದ ಊರು ಮಾತ್ರ ಅವಳಿಗೆ ಇನ್ನು ಯಾವುದೂ ಉಳಿದಿರಲಿಲ್ಲ.